ಹೊಟ್ಟೆ ಕೊಯ್ಯದೆ ತೂಕ ಇಳಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸಲು ಜಠರದೊಳಗೆ ಇಡುವ ಬಲೂನ್ ಬಗ್ಗೆ ದಿನಾ ಯಾರಾದರೂ ಕೇಳುತ್ತಿದ್ದೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿಲಿಕೋನ್ ಬಲೂನನ್ನು ಬಾಯಿಯ ಮೂಲಕ ಜಠರಕ್ಕೆ ಇಳಿಸಿ, ಅರ್ಧ ಲೀಟರಿನಷ್ಟು ಸಲೈನ್ (ಉಪ್ಪು ನೀರು) ತುಂಬುತ್ತಾರೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಸಾಮಾನ್ಯವಾಗಿ 6 ತಿಂಗಳಿಗೆ ತೆಗೆಯುತ್ತಾರೆ. ಮೊದಲ ಮೂರ್ನಾಲ್ಕು ದಿನ ವಾಂತಿ, ಹೊಟ್ಟೆ ಹಿಂಡುವುದು ಇದ್ದದ್ದೇ. ನೀರನ್ನೂ ಗುಟುಕು ಗುಟುಕಾಗಿ ಕುಡಿಯಬೇಕು. ತೆಗೆದ ಮೇಲೆ ಹಳೇ ಊಟವೇ ಶುರುವಾದರೆ ತೂಕವೂ ವಾಪಸ್, ಅಲ್ವಾ?

ಇನ್ನೊಂದು ದಾರಿ, ಎಂಡೋಸ್ಕೋಪಿಯಲ್ಲೇ (ಬಾಯಿಯ ಮೂಲಕ ಇಳಿಸುವ ಕ್ಯಾಮೆರಾ ಇರುವ ಕೊಳವೆಯಿಂದ) ಜಠರಕ್ಕೆ ಒಳಗಿನಿಂದ ಹೊಲಿಗೆ ಹಾಕಿ ಕಿರಿದು ಮಾಡುವುದು. ಹೊರಗೆ ಗಾಯವಿಲ್ಲ. ಬಲೂನಿಗಿಂತ ಜಾಸ್ತಿ ತೂಕ ಇಳಿಯುತ್ತದೆ, ಹೊಟ್ಟೆ ಕೊಯ್ದು ಮಾಡುವ ತೂಕ ಇಳಿಸುವ ಆಪರೇಷನ್ನಿಗಿಂತ ಕಡಿಮೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ದಾಟಿದವರು ಆಪರೇಷನ್ ಬೇಡವೇ ಬೇಡ ಅಂತ ಹಟ ಹಿಡಿಯಬೇಡಿ.

ಹಿಂದೆ ಜಠರದ ಆಪರೇಷನ್ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಬಲೂನ್ ಹಾಕುವಂತಿಲ್ಲ. ಸುಮ್ನೆ ಜಾಹೀರಾತು ಫಾರ್ವರ್ಡ್ ಮಾಡಬೇಡಿ, ಅಳಿಸುತ್ತೇನೆ.