ಅಕ್ಕಿಕಾಳು ಉದ್ದಕ್ಕೋ, ಅಡ್ಡಕ್ಕೋ?

ಪ್ರೀತಿಯ ತಂಗಿ,

ನೀನು ಬರೆದು ಕಳಿಸಿದ ಎರಡೂ ಕಥೆ ಓದಿದೆ. ಹಾಸನದ ಸೊಸೆ ಕಲ್ಲಿನದು ಮೊದಲು.

ಹಾಸನಾಂಬೆಯ ಗುಡಿಯೊಳಗಿನ ಈ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ. ಜನ ಹೇಳುವುದು ಇಷ್ಟೇ. ನೀನು ಅದಕ್ಕೆ ಹಾರುವ ಬಸ್ಸು, ಕೆಂಪು ಕಣ್ಣಿನ ಯಂತ್ರಮಾನವ ಎಲ್ಲ ಅಂಟಿಸಿದ್ದೀಯ. ಬೇಕಿರಲಿಲ್ಲ. ಆ ನಂಬಿಕೆಯೊಳಗೇ ಒಂದು ಅಳತೆ ಇದೆ, ಒಂದು ಗಡುವು ಇದೆ. ಲೆಕ್ಕ ಹಾಕಿ ನೋಡು.

ಕಾಳಿನ ಉದ್ದ ಸುಮಾರು 5 ಮಿಲಿಮೀಟರ್, ಅಗಲ 2. ಗುಡಿ 12ನೇ ಶತಮಾನದ್ದು ಎನ್ನುತ್ತಾರೆ, 800 ವರ್ಷ ಹಿಡಿ. ಉದ್ದದ ಲೆಕ್ಕದಲ್ಲಿ ಕಲ್ಲು 4 ಮೀಟರ್ ಸರಿದಿರಬೇಕು, ಅಗಲದ ಲೆಕ್ಕದಲ್ಲಿ 1.6 ಮೀಟರ್. ಕಥೆಯಲ್ಲಿ ಇನ್ನೊಂದು ಮೀಟರ್ ಉಳಿದಿದೆ ಅಂತಿಟ್ಟುಕೋ. ಒಬ್ಬರ ಪ್ರಕಾರ ಪ್ರಪಂಚಕ್ಕೆ 200 ವರ್ಷ, ಇನ್ನೊಬ್ಬರ ಪ್ರಕಾರ 500. ಕಾಳು ಯಾವುದು, ರಾಜಮುಡಿಯೋ ಸೋನಾ ಮಸೂರಿಯೋ ಅಂತ ಮೂರನೆಯವರು ತಗಾದೆ ತೆಗೆದರೆ ನಿನ್ನ ಕಥೆಯ ಜಗಳ ಶುರುವಾಯಿತು. ಅಳೆಯುವುದಕ್ಕೂ ಪುರುಸೊತ್ತಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ವರ್ಷಕ್ಕೊಮ್ಮೆ ಗುಡಿಯ ಬಾಗಿಲು ತೆಗೆದರೆ, ದೀಪಾವಳಿ ಮುಗಿಯುವಷ್ಟರಲ್ಲಿ ಮತ್ತೆ ಮುಚ್ಚುತ್ತಾರೆ. ಅಳೆದ ದಾರ ಒಂದು ಎಳೆ ತಪ್ಪಿದರೂ ಸರಿ ನೋಡಲು ಇನ್ನೊಂದು ವರ್ಷ ಕಾಯಬೇಕು. ಈ ಕಾಯುವಿಕೆಯೇ ನಿನ್ನ ಕಥೆಯ ಬೆನ್ನೆಲುಬು, ಯಂತ್ರಮಾನವನಲ್ಲ.

ಒಂದು ಕಥೆಗೆ ಒಂದೇ ಅಸಾಧ್ಯ ಸಾಕು. ಕಲ್ಲು ಸರಿಯುತ್ತದೆ, ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರಲಿ: ದರ್ಶನದ ಸಾಲು, ಊದಿದ ಕಾಲು, ಚಪ್ಪಲಿ ಕಳೆದುಕೊಂಡವರು. ಗುಡಿ ಮುಚ್ಚಿದ್ದರೂ ಆರದ ದೀಪ, ಬಾಡದ ಹೂವನ್ನೂ ಇದರಲ್ಲೇ ತುರುಕಿದ್ದೀಯ. ಓದುವವರು ಒಂದನ್ನು ನಂಬುತ್ತಾರೆ, ಮೂರನೆಯದಕ್ಕೆ ಆಕಳಿಸುತ್ತಾರೆ. ದೀಪವನ್ನು ಬೇರೆ ಕಥೆಗೆ ಎತ್ತಿಡು.

ಇದಕ್ಕಿಂತ ದೊಡ್ಡ ತಪ್ಪು, ಕಲ್ಲನ್ನು ಬರೀ ಗಡಿಯಾರ ಮಾಡಿರುವುದು. ಕಲ್ಲಾದ ಆ ಸೊಸೆ ಅತ್ತೆಯ ಏಟು ತಿಂದು ದೇವಿಯನ್ನು ಕೂಗಿದ ಹೆಣ್ಣು. ಕೂಗಿದ್ದಕ್ಕೆ ಸಿಕ್ಕಿದ್ದು ಕಲ್ಲಾಗುವ ವರ. ಒಬ್ಬ ಸೊಸೆ ದೇವಿಯ ಪಾದ ಸೇರುವುದಕ್ಕೂ ಯುಗ ಮುಗಿಯುವುದಕ್ಕೂ ಯಾಕೆ ಗಂಟು ಹಾಕಿದರು? ಉತ್ತರ ಬರೆಯಬೇಡ. ಅಳೆಯುವ ಪಾತ್ರದ ಮನೆಯಲ್ಲೂ ಒಬ್ಬ ಸೊಸೆ ಇರಲಿ, ದಾರ ಹಿಡಿಯುವ ಕೈ ಅವಳದ್ದಾಗಲಿ.

ಮೂಡಿಗೆರೆಯ ಕಥೆಗೆ ಬರೋಣ. ಕೊಳ್ಳಿದೆವ್ವ ಚೆನ್ನಾಗಿದೆ, ತೋಟವೇ ಸುಳ್ಳು. ಒಂದೇ ರಾತ್ರಿ ಕಾಫಿ ಹೂವು ಘಮ್ಮೆನ್ನುತ್ತದೆ, ಹಣ್ಣು ಕೊಯ್ಯುತ್ತಾರೆ, ಇಂಬಳ (ಜಿಗಣೆ) ಹತ್ತುತ್ತದೆ! ಹೂಮಳೆ ಬೀಳುವುದು ಮಾರ್ಚ್–ಏಪ್ರಿಲ್ ಹೊತ್ತಿಗೆ, ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗಿ, ಎರಡು ಮೂರು ದಿನದಲ್ಲಿ ಕಂದುತ್ತದೆ. ಅರೇಬಿಕಾ ಕೊಯ್ಲು ನವೆಂಬರ್ ಆಚೆ. ಇಂಬಳ ಮಳೆಗಾಲದ್ದು. ಇಲ್ಲಿ ಎಡವಿದರೆ ಮೂಡಿಗೆರೆಯ ಓದುಗರು ದೆವ್ವವನ್ನೂ ನಂಬುವುದಿಲ್ಲ. ಹಾಜರಿ ಬರೆಯುವವರನ್ನು 'ಮೇಲ್ವಿಚಾರಕರು' ಎಂದಿದ್ದೀಯ, ತೋಟದಲ್ಲಿ ಅವರು 'ರೈಟ್ರು'. (ನಮಗಿಂತ ಮೊದಲೇ ಆ ಹೆಸರು ಅವರಿಗೆ ಸಿಕ್ಕಿದೆ.)

'ಚೌಡಿ ಎಂದರೆ ಮಲೆನಾಡಿನ ಜನರು ನಂಬುವ ಶಕ್ತಿದೇವತೆ' ಎಂಬ ವಾಕ್ಯ ಹೊಡೆದುಹಾಕು. ಅದು ಯಾರಿಗೆ ಬರೆದದ್ದು? ಅಜ್ಜಿ 'ಹೊತ್ತು ಮುಳುಗಿದ್ ಮೇಲೆ ಆ ಕಡೀಕೆ ದನ ಹೊಡೀಬೇಡ ಕಣೋ' ಅಂದರೆ ಸಾಕು, ತಿಳಿಯದವರಿಗೂ ತಿಳಿಯುತ್ತದೆ. ಆ ಅಜ್ಜಿಗೆ ಧಾರವಾಡದ ಮಾತು ಯಾಕೆ ಹಾಕಿಸಿದೆ? ಧಾರಾವಾಹಿಗಳ ಪ್ರಭಾವ ಇರಬೇಕು. ಹಾಗಂತ 'ಓದ್ರೆ, ಬತ್ತೀನಿ' ಅಂತ ಪ್ರತಿ ಪದ ಮುರಿಯಲೂ ಹೋಗಬೇಡ. ಒಂದು ಮಾತಿಗೆ ಒಂದೆರಡು ಕಡೆ ಮುರಿದರೆ ಸಾಕು, ಹೆಚ್ಚಾದರೆ ನಗೆನಾಟಕ.

ಕಥೆ ಕೇಳಿ ತರುವಾಗ ಒಂದೇ ಮನೆಯಿಂದ ತರಬೇಡ. ಊರಿನ ಮೇಲಿನ ಕೇರಿ, ಕೆಳಗಿನ ಕೇರಿ, ತೋಟದ ಕೆಲಸಗಾರರ ಲೈನ್ ಮನೆ, ಮೂರೂ ಕಡೆ ಕೇಳಿ, ಹೇಳಿದವರು ಯಾರು, ಯಾವ ತಿಂಗಳು ಅಂತ ಪಕ್ಕದಲ್ಲೇ ಗುರುತು ಹಾಕಿಕೋ. ಮೂರರಲ್ಲೂ ಹೊಂದದ ಜಾಗ ಸಿಗುತ್ತದಲ್ಲ, ಅಲ್ಲಿ ಕಥೆ ಇರುತ್ತದೆ. ಈಗಲೂ ಪೂಜೆ ನಡೆಯುವ ಬನವಾದರೆ ಹೆಸರು ಬದಲಿಸು, ಮೈಮೇಲೆ ದೇವರು ಬಂದವರು ಆಡುವ ದರ್ಶನದ ಮಾತನ್ನು ಇದ್ದ ಹಾಗೇ ನಕಲು ಮಾಡಬೇಡ. ಸುಗ್ಗಿ ಹಬ್ಬ ಸಾರಿದ ಮೇಲಿನ ಕಟ್ಟುಪಾಡುಗಳೂ ಊರಿಂದೂರಿಗೆ ಬೇರೆ, ಸಕಲೇಶಪುರದ ಕಡೆಯದನ್ನು ತಂದು ಕಳಸದ ಊರುಗಳಿಗೆ ಅಂಟಿಸಬೇಡ.

ಕೊನೆಯಲ್ಲಿ 'ಎಲ್ಲ ಕನಸು' ಅಂದಿದ್ದನ್ನು ತೆಗೆ. ಹಾಸನದ ಕಥೆಯ ಮೊದಲ ಎರಡು ಪುಟವೂ ಹೋಗಲಿ, ದಾರ ಬಿಚ್ಚುವಲ್ಲಿಂದ ಶುರು ಮಾಡು. 3000 ಪದದೊಳಗೆ ನಿಲ್ಲಿಸಿ, ಗಟ್ಟಿಯಾಗಿ ಓದಿ ನೋಡಿ, ಆಮೇಲೆ ಕಳಿಸು. ಕಾಳು ಉದ್ದಕ್ಕೋ ಅಡ್ಡಕ್ಕೋ ಎಂಬುದನ್ನು ಮಾತ್ರ ಬರೆಯುವ ಮೊದಲೇ ತೀರ್ಮಾನಿಸಿರು.

ನಿನ್ನ
ಅಕ್ಕ