ಬೆಂಚ್ ಮೇಲೆ ಕೂತಿರುವ ತಮ್ಮನಿಗೆ

ಬೆಕ್ಕೆಸ್ತುವಾ, ನಾರ್ವೆ
ಅಕ್ಟೋಬರ್ 2022

ಪ್ರೀತಿಯ ತಮ್ಮಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಈ ಸೀಸನ್‌ನಲ್ಲೂ ಒಂದೇ ಒಂದು ಫುಟ್‌ಬಾಲ್ ಪಂದ್ಯ ಸಿಕ್ಕಿಲ್ಲ, ಸುಮ್ನೆ ಬೆಂಚ್ ಕಾಯೋದಕ್ಕಿಂತ ಬಿಟ್ಟುಬಿಡೋದೇ ವಾಸಿ ಅಂದಿದ್ದೀಯ. ಫೋನಿನಲ್ಲಿ ಮಾತಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನಾಡೆರುಡ್ ಸ್ಟೇಡಿಯಂಗೆ ಹೋಗಿದ್ದೆ. ಮನೆಯಿಂದ ನಡೆದೇ ಹೋಗಬಹುದು. ಸ್ಟಾಬೆಕ್ ತಂಡದ ಮೈದಾನ ಅದು, ನಮ್ಮ ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಇದ್ದ ತಂಡ. ಬೇಗ ಹೋಗಿದ್ದರಿಂದ ವಾರ್ಮ್‌ಅಪ್ ಪೂರ್ತಿ ನೋಡಿದೆ. ನಿನ್ನ ನೆನಪಾಗಿ ಎರಡನೇ ಗೋಲ್‌ಕೀಪರ್ ಮೇಲೇ ಕಣ್ಣಿಟ್ಟಿದ್ದೆ. ಮೊದಲನೆಯವನಿಗೆ ಒಂದೊಂದೇ ಬಾಲ್ ಹೊಡೆದುಕೊಟ್ಟ, ಕ್ರಾಸ್ ಹಾಕಿಕೊಟ್ಟ, ದೂರ ಹೋದ ಬಾಲ್‌ಗಳನ್ನು ತಾನೇ ಓಡಿ ತಂದ. ಪಂದ್ಯ ಶುರುವಾದ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಕೂತ. ಆ ಚಳಿಯಲ್ಲಿ ಗ್ಲೌಸ್ ತೊಡೆ ಮೇಲಿಟ್ಟುಕೊಂಡು, ಬೆರಳುಗಳನ್ನು ಮಡಚಿ ಬಿಚ್ಚಿ ಮಾಡುತ್ತಲೇ ಇದ್ದ. ತೊಂಬತ್ತು ನಿಮಿಷವೂ ಅವನನ್ನು ಯಾರೂ ಕರೆಯಲಿಲ್ಲ.

ಗುರ್‌ಪ್ರೀತ್‌ನೂ ಇದೇ ಬೆಂಚ್ ಮೇಲೆ ಕೂತಿದ್ದವನು ಕಣೋ. 2014ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಬಿಟ್ಟು ಇಲ್ಲಿಗೆ ಬಂದಾಗ ಅವನಿಗೆ 22 ವರ್ಷ. ಊರಲ್ಲಿದ್ದಿದ್ದರೆ ಆರಾಮಾಗಿ ಪಂದ್ಯ ಆಡಿಕೊಂಡು ಇರಬಹುದಿತ್ತು. ಇಲ್ಲಿ ಗೋಲ್ ಕಾಯುತ್ತಿದ್ದವನು ಐವರಿ ಕೋಸ್ಟ್‌ನ ಸಯೂಬಾ ಮಾಂಡೆ, ಅವನೂ ಊರು ಬಿಟ್ಟು ಬಂದವನೇ. ಮುಂದೆ ಆಡುವವರಾದರೆ ಜಾಗ ಬದಲಿಸಿಯಾದರೂ ತಂಡದೊಳಗೆ ತೂರಿಕೊಳ್ಳಬಹುದು, ಇಲ್ಲಾ ಕೊನೆಯ ಹತ್ತು ನಿಮಿಷವಾದರೂ ಇಳಿಸುತ್ತಾರೆ, ಗೋಲ್‌ಕೀಪರ್‌ಗೆ ಇರೋದೇ ಒಂದು ಜಾಗ ಅಲ್ವಾ? ಕಪ್ ಪಂದ್ಯ ಸಿಗಲು ಗುರ್‌ಪ್ರೀತ್ 2015ರವರೆಗೆ ಕಾದ. ಲೀಗ್ ಪಂದ್ಯಕ್ಕೆ 2016ರ ಮೇ ಬರಬೇಕಾಯಿತು. ಸ್ಟಾರ್ಟ್ ಅನ್ನುವ ತಂಡದ ಎದುರು, 5-0 ಗೆಲುವು. ಹತ್ತಿರ ಹತ್ತಿರ ಎರಡು ವರ್ಷ!

ಮರುತಿಂಗಳೇ, ಜೂನ್ 30ಕ್ಕೆ, ಯುರೋಪಿನ ಕ್ಲಬ್‌ಗಳು ಆಡುವ ಯುರೋಪಾ ಲೀಗ್‌ನ ಅರ್ಹತಾ ಪಂದ್ಯ. ವೇಲ್ಸ್‌ನ ಕಾನಾಸ್ ಕೀ ತಂಡ ಎದುರು. ಆ ಮಟ್ಟದ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಅವನೇ. ಆದರೆ ಅಷ್ಟು ಕಾದು ಸಿಕ್ಕಿದ ಆ ಪಂದ್ಯದಲ್ಲಿ ಮೊದಲರ್ಧದಲ್ಲೇ ಗಾಯವಾಗಿ ಹೊರಗೆ ಬಂದ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೂರು ವರ್ಷದಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಲೆಕ್ಕ ಹಾಕುವವರು ಸೋತು ಬಂದ ಅನ್ನಬಹುದು. ನಾನು ಒಪ್ಪುವುದಿಲ್ಲ. 2017ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತಂಡಕ್ಕೆ ಬಂದ ಮೇಲೆ ಕಂಠೀರವದಲ್ಲಿ ಅವನನ್ನು ನಾವೇ ನೋಡಿದ್ದೇವಲ್ಲ. ಆರೂವರೆ ಅಡಿ ಆಳು, ಕಾರ್ನರ್ ಬಂದರೆ ಜನರ ಗುಂಪಿನ ಮೇಲಿಂದ ಕೈ ಚಾಚಿ ಬಾಲ್ ಎತ್ತಿಕೊಳ್ಳುತ್ತಿದ್ದ. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಎದುರು ಭಾರತ 0-0 ಮಾಡಿದ ರಾತ್ರಿ ನೆನಪಿದೆಯಾ? ಛೆಟ್ರಿ ಇರಲಿಲ್ಲ, ಇವನೇ ಕ್ಯಾಪ್ಟನ್. ಅಮ್ಮನಿಗೆ ಎಚ್ಚರ ಆಗಬಾರದು ಅಂತ ಟಿವಿ ದನಿ ಇಳಿಸಿ ನೋಡುತ್ತಿದ್ದೆವು, ಕೊನೆಗೆ ನೀನೇ ಕಿರುಚಿ ಎಬ್ಬಿಸಿದೆ. ಆವತ್ತು ಅವನು ತಡೆದ ಒಂದೊಂದು ಬಾಲ್ ಹಿಂದೆಯೂ ಇಲ್ಲಿ ಯಾರೂ ನೋಡದಿದ್ದಾಗ ಮಾಡಿದ ಪ್ರಾಕ್ಟೀಸ್ ಇತ್ತು ಅಂತ ನನಗೆ ಗಟ್ಟಿ ಅನಿಸುತ್ತದೆ. ಹೋದ ತಿಂಗಳು ನಮ್ಮ ಬೆಂಗಳೂರಿನವರು ಡ್ಯುರಾಂಡ್ ಕಪ್ ಗೆದ್ದಾಗಲೂ ಗೋಲ್‌ನಲ್ಲಿ ಅವನೇ ಇದ್ದ.

ನಿನಗೂ ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಆದರೆ ನಿನಗಿನ್ನೂ 19. ಈ ಸೀಸನ್ ಮುಗಿಯುವ ತನಕ ಪ್ರಾಕ್ಟೀಸ್ ತಪ್ಪಿಸಬೇಡ, ನನಗೋಸ್ಕರ. ಆಮೇಲೂ ಬೇಡ ಅನಿಸಿದರೆ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಗ್ಲೌಸ್ ತರುತ್ತೇನೆ. ನಿನ್ನ ಸೈಜ್ 9ಓ 10ಓ, ಅಳತೆ ನೋಡಿ ಹೇಳು. ಅಮ್ಮನಿಗೆ ಚಟ್ನಿಪುಡಿ ಖಾಲಿ ಆಯಿತು ಅಂತ ತಿಳಿಸು.

ಇಂತಿ ನಿನ್ನ
ಅಕ್ಕ