ಸುಮಳ ಮಿಲಿಟರಿ ನರ್ಸಿಂಗ್ ಸೀಟಿನ ವಿಷಯವಾಗಿ ಅಪ್ಪನಿಗೆ

ಬ್ರೈಟನ್ (ಇಂಗ್ಲೆಂಡ್), ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಗೀತಾ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಲ್ಲಿ ನೀವು, ಅಮ್ಮ, ಅಜ್ಜಿ, ಸುಮಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಉಭಯ ಕುಶಲೋಪರಿ.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಸುಮಳಿಗೆ ಸೀಟು ಸಿಕ್ಕಿರುವ ಸಂಗತಿಯನ್ನು ಕೊನೆಯ ಪುಟದಲ್ಲಿ, ಅದೂ ಯಾರೋ ತೀರಿಕೊಂಡ ಸುದ್ದಿ ತಿಳಿಸುವ ಧಾಟಿಯಲ್ಲಿ ಬರೆದಿದ್ದೀರಿ. ಮಿಲಿಟರಿ ನರ್ಸನ್ನು ಯಾರು ಮದುವೆಯಾಗುತ್ತಾರೆ, ಗಂಡಿನ ಕಡೆಯ ಅರಸೀಕೆರೆಯವರಿಗೆ ಏನೆಂದು ಉತ್ತರ ಕೊಡುವುದು, ಗಾಯಗೊಂಡ ಗಂಡಸರ ನಡುವೆ ಹೆಣ್ಣುಮಗಳು ರಾತ್ರಿ ಪಾಳಿ ಮಾಡುವುದು ನಮ್ಮಂಥವರಿಗೆ ಒಪ್ಪುತ್ತದೆಯೇ ಎಂದು ಕೇಳಿದ್ದೀರಿ. ಈ ಮೂರನೆಯದನ್ನು, ಇಲ್ಲಿ ರಾತ್ರಿ ಪಾಳಿ ಮಾಡಿಕೊಂಡೇ ಮನೆಗೆ ಹಣ ಕಳಿಸುತ್ತಿರುವ ನನ್ನನ್ನು ಕೇಳುತ್ತಿದ್ದೀರೆಂಬುದು ನಿಮಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಫೋನಿನಲ್ಲಿ ಮಾತಾಡಿದರೆ ಜಗಳಕ್ಕೆ ತಿರುಗುತ್ತದೆಂದು ಕಾಗದವನ್ನೇ ಬರೆಯುತ್ತಿದ್ದೇನೆ.

ಮೈಸೂರು ಅರಮನೆಯ ಹಾಗಿದೆಯೆಂದು ಅಜ್ಜಿ ಮೆಚ್ಚಿಕೊಂಡ ಫೋಟೋ ನೆನಪಿದೆಯಲ್ಲವೇ? ಅದು ಈ ಊರಿನ ರಾಯಲ್ ಪೆವಿಲಿಯನ್. ಹೊರಗೆ ಹಿಂದೂಸ್ತಾನದ ಗುಮ್ಮಟಗಳು, ಒಳಗೆ ಚೀನಾದ ಡ್ರ್ಯಾಗನ್‌ಗಳು. ಕಟ್ಟಿಸಿದ ರಾಜ ಮಾತ್ರ ಈ ಎರಡು ದೇಶಗಳಲ್ಲಿ ಒಂದನ್ನೂ ಕಂಡವನಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ, ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ನಮ್ಮ ದೇಶದ ಸಿಪಾಯಿಗಳಿಗೆ ಇದೇ ಆಸ್ಪತ್ರೆಯಾಗಿತ್ತು. ಏಳುನೂರಕ್ಕೂ ಹೆಚ್ಚು ಹಾಸಿಗೆಗಳು, ಜಾತಿಮತಗಳ ಅಡಚಣೆ ಬಾರದಂತೆ ಒಂಬತ್ತು ಅಡುಗೆಮನೆಗಳು, ಪ್ರತಿ ವಾರ್ಡಿನಲ್ಲೂ ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ನಲ್ಲಿ. ಸೂಚನಾ ಫಲಕಗಳು ಉರ್ದು, ಹಿಂದಿ ಮತ್ತು ಗುರುಮುಖಿಯಲ್ಲಿದ್ದವು. ತೋಟದಲ್ಲಿ ಸಿಖ್ಖರಿಗೆ ಗುರುದ್ವಾರದ ಡೇರೆಯನ್ನೂ ಹಾಕಿಕೊಟ್ಟಿದ್ದರು. ನಮ್ಮ ದೊಡ್ಡಪ್ಪ ಇದ್ದಿದ್ದರೂ ಮಡಿಯ ವಿಷಯದಲ್ಲಿ ತಪ್ಪು ಹುಡುಕಲಾಗುತ್ತಿರಲಿಲ್ಲ. ಆಗಿನ ರಾಜನೇ ತನ್ನ ಅರಮನೆಯನ್ನು ಬಿಟ್ಟುಕೊಟ್ಟನೆಂದು ಸಿಪಾಯಿಗಳು ನಂಬುವಂತೆ ಪ್ರಚಾರ ನಡೆಯಿತು. ಆದರೆ ವಿಕ್ಟೋರಿಯಾ ರಾಣಿ ಆ ಕಟ್ಟಡವನ್ನು 1850ರಲ್ಲೇ ಊರಿಗೆ ಮಾರಿಯಾಗಿತ್ತು!

ಇಷ್ಟೆಲ್ಲ ಬರೆಯಲು ಕಾರಣವಿದೆ. ನಿಮಗಿರುವ ಭಯವೇ ಅಂದಿನ ಬ್ರಿಟಿಷ್ ಸೈನ್ಯಾಧಿಕಾರಿಗಳಿಗೂ ಇತ್ತು. 1915ರಲ್ಲಿ ಭಾರತೀಯ ಸಿಪಾಯಿಯೊಬ್ಬನ ಪಕ್ಕದಲ್ಲಿ ಬಿಳಿಯ ನರ್ಸ್ ಇದ್ದ ಫೋಟೋ ಪತ್ರಿಕೆಯಲ್ಲಿ ಅಚ್ಚಾದಾಗ ಅವರಲ್ಲಿ ದೊಡ್ಡ ಗುಲ್ಲೆದ್ದಿತು. ಪೆವಿಲಿಯನ್ನಿನಲ್ಲಿ ನರ್ಸುಗಳು ಮೇಲ್ವಿಚಾರಣೆ ಮಾತ್ರ ಮಾಡಬೇಕಿತ್ತು, ಮೈ ಮುಟ್ಟಿ ಶುಶ್ರೂಷೆ ಮಾಡುವ ಕೆಲಸ ಗಂಡಾಳುಗಳದ್ದಾಗಿತ್ತು. ದಿಬ್ಬದ ಮೇಲಿದ್ದ ಇನ್ನೊಂದು ಆಸ್ಪತ್ರೆಗೆ, ಅಂದರೆ ಕಿಚನರ್ ಆಸ್ಪತ್ರೆಗೆ, ಮುಳ್ಳುತಂತಿಯ ಬೇಲಿ ಹಾಕಿ ಕಾವಲಿಟ್ಟರು. ಪೆವಿಲಿಯನ್ನನ್ನು ಭೂಲೋಕದ ಸ್ವರ್ಗವೆಂದು ಊರಿಗೆ ಬರೆದವರಿದ್ದಂತೆ, ಕಿಚನರ್ ಆಸ್ಪತ್ರೆಯನ್ನು ಜೈಲೆಂದೇ ಕರೆದು ಬರೆದವರೂ ಇದ್ದರು. (ಅವರ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಓದುತ್ತಿದ್ದರು. ನನ್ನ ಕಾಗದವನ್ನು ಯಾರೂ ಓದುವುದಿಲ್ಲ, ಆದ್ದರಿಂದ ನಾನು ಸುಖವಾಗಿದ್ದೇನೆಂದು ಬರೆದರೆ ದಯವಿಟ್ಟು ನಂಬಿ.) ಆ ಬೇಲಿಯಿಂದ ಯಾರ ಗಾಯವೂ ಒಂದು ದಿನ ಮುಂಚೆ ಮಾಯಲಿಲ್ಲ. ವಾಸಿಯಾಗದೆ ತೀರಿಕೊಂಡ ಹಿಂದೂಗಳು ಮತ್ತು ಸಿಖ್ಖರು 53 ಮಂದಿಯನ್ನು ಊರಾಚೆಯ ಪ್ಯಾಚಮ್ ಗುಡ್ಡದ ಮೇಲೆ ದಹನ ಮಾಡಿದರು. ಅಲ್ಲಿ 1921ರಲ್ಲಿ ಕಟ್ಟಿದ ಅಮೃತಶಿಲೆಯ ಛತ್ರಿ, ಅಂದರೆ ಗುಮ್ಮಟವಿರುವ ಸ್ಮಾರಕ ಮಂಟಪ, ಇದೆ. ನಾನು ಹೋದಾಗ ಸುತ್ತಲಿನ ಹುಲ್ಲಿನಲ್ಲಿ ಕುರಿಗಳು ಮೇಯುತ್ತಿದ್ದವು. ಹೆಸರುಗಳ ಫಲಕದ ಮುಂದೆ ನಿಂತು ಒಂದೊಂದನ್ನೂ ಓದಿದೆ.

ಯುದ್ಧದಲ್ಲಿ ನರ್ಸಿನ ಕೆಲಸವೆಂದರೆ ಗುಂಡಿನ ನಡುವೆ ಓಡಾಡುವುದೆಂದು ನೀವು ತಿಳಿದಿದ್ದೀರಿ. ಹಿಂದಿನ ಯುದ್ಧಗಳಲ್ಲಿ ಸಿಪಾಯಿಗಳನ್ನು ಹೆಚ್ಚಾಗಿ ಕೊಂದದ್ದು ಗುಂಡಲ್ಲ, ಕೊಳಕು. ಕ್ರಿಮಿಯಾ ಯುದ್ಧದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ನರ್ಸುಗಳೊಡನೆ 1854ರ ನವೆಂಬರಿನಲ್ಲಿ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ಯಾರಕ್ ಆಸ್ಪತ್ರೆಗೆ ಬಂದ ಮೇಲೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಸತ್ತರು. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿ, ನೀರು ಮತ್ತು ಗಾಳಿಯ ವ್ಯವಸ್ಥೆ ಸರಿಪಡಿಸಿದ ನಂತರ, ಜೂನಿನ ಹೊತ್ತಿಗೆ ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಕೈಯಲ್ಲಿ ದೀಪ ಹಿಡಿದ ಆಕೆಯ ಚಿತ್ರ ನಮ್ಮ ಪಠ್ಯಪುಸ್ತಕಕ್ಕೂ ಬಂತು, ಚರಂಡಿಯ ಕಥೆಯನ್ನು ಯಾರೂ ಹೇಳಲಿಲ್ಲ. ಆಕೆಗೆ ಮಾತ್ರ ಅದು ಚೆನ್ನಾಗಿ ಅರ್ಥವಾಗಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ಹೇಳಿದಾಗ, ದಂಡುಪ್ರದೇಶಗಳ ನೀರು ಮತ್ತು ಕಕ್ಕಸುಗಳ ಬಗ್ಗೆ ಆಕೆ ವರ್ಷಗಟ್ಟಲೆ ಬರೆದಳು, ಆದರೆ ನಮ್ಮ ದೇಶಕ್ಕೆ ಒಮ್ಮೆಯೂ ಬರಲಿಲ್ಲ.

ಇನ್ನು ಸುಮಾ ಸೇರಲಿರುವ ಸೇವೆಯ ವಿಚಾರ. ಅದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1888ರಲ್ಲಿ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಮುಂಬಯಿಯಲ್ಲಿ ಬಂದಿಳಿದಾಗ ಶುರುವಾಯಿತು. ಇಲ್ಲಿಯ ಹುಡುಗಿಯರನ್ನು ತೆಗೆದುಕೊಂಡದ್ದು 1914ರ ಯುದ್ಧ ಬಂದ ಮೇಲೆ. 1926ರಲ್ಲಿ ಅದು ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಆಯಿತು, 1943ರ ಸುಗ್ರೀವಾಜ್ಞೆಯಿಂದ ನರ್ಸುಗಳು ಸೈನ್ಯದ ಅಧಿಕಾರಿಗಳಾದರು. ನಮ್ಮ ಸೇನೆಯಲ್ಲಿ ಮೇಜರ್ ಜನರಲ್ ಪದವಿಗೇರಿದ ಮೊದಲ ಹೆಂಗಸು, 1976ರಲ್ಲಿ, ಗರ್ಟ್ರೂಡ್ ಆಲಿಸ್ ರಾಮ್ ಎಂಬ ನರ್ಸೇ. ರಂಗಣ್ಣಮಾವನ ಅಳಿಯ ಹವಾಲ್ದಾರನೆಂದು ಅವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರಲ್ಲ, ಸುಮಾ ಓದು ಮುಗಿಸಿ ಲೆಫ್ಟಿನೆಂಟ್ ಆದರೆ ಅವನಿಗಿಂತ ಅವಳ ಪದವಿಯೇ ದೊಡ್ಡದಾಗುತ್ತದೆ. ಇದನ್ನು ಅವರಿಗೆ ಈಗಲೇ ಹೇಳಬೇಡಿ.

ಮದುವೆಯ ಮಾತಿಗೆ ಬರುತ್ತೇನೆ. ಮಿಲಿಟರಿ ನರ್ಸುಗಳಿಗೆ ಮದುವೆಯಿಲ್ಲ ಎಂದು ನಿಮಗೆ ಯಾರೋ ಹೇಳಿದ್ದು ಪೂರ್ತಿ ಕಟ್ಟುಕಥೆಯಲ್ಲ, ಆದರೆ ಹಳೆಯ ಕಥೆ. ಮದುವೆಯಾದರೆಂಬ ಕಾರಣಕ್ಕೆ ಕೆಲಸದಿಂದ ತೆಗೆಯಬಹುದಾದ ನಿಯಮ 1977ರಲ್ಲಿ ಇತ್ತು. 1995ರಲ್ಲಿ ಅದನ್ನು ಹಿಂತೆಗೆದುಕೊಂಡರು. ಆ ನಿಯಮದಡಿ 1988ರಲ್ಲಿ ಕೆಲಸ ಕಳೆದುಕೊಂಡ ಸೆಲಿನಾ ಜಾನ್ ಎಂಬ ಲೆಫ್ಟಿನೆಂಟ್ ಬಿಡದೆ ಹೋರಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನೇ ತಾರತಮ್ಯವೆಂದು ಹೇಳಿ, ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಆದ್ದರಿಂದ ಅವಳಿಗೆ ಮದುವೆ ಆಗುತ್ತದೆ, ಖಂಡಿತ ಆಗುತ್ತದೆ. ಓದುವ ನಾಲ್ಕು ವರ್ಷ ಮಾತ್ರ ಆಗುವಂತಿಲ್ಲ. ಅರಸೀಕೆರೆಯವರಿಗೆ ಈ ವೈಶಾಖದಲ್ಲೇ ಆಗಬೇಕೆಂಬ ಹಟವಿದ್ದರೆ, ಬೇರೆ ಹೆಣ್ಣು ನೋಡಿಕೊಳ್ಳಿ ಎಂದು ಮರ್ಯಾದೆಯಿಂದಲೇ ತಿಳಿಸಿಬಿಡಿ. ಓದು ಮುಗಿದ ಮೇಲೆ ಸೇವೆ ಮಾಡುತ್ತೇನೆಂದು ಬರೆದುಕೊಡುವ ಬಾಂಡ್ ಕಾಗದಕ್ಕೆ ಸಹಿ ಮಾಡುವ ಮುನ್ನ ಅದರ ಫೋಟೋ ತೆಗೆದು ನನಗೆ ಕಳಿಸಲು ಸುಮಳಿಗೆ ಹೇಳಿ. ಬಟ್ಟೆಬರೆ, ಪುಸ್ತಕ, ಸಣ್ಣಪುಟ್ಟ ಖರ್ಚಿಗೆ ನಾನಿದ್ದೇನೆ, ಅಡಿಕೆ ಮಾರಿದ ದುಡ್ಡನ್ನು ಮುಟ್ಟಬೇಡಿ.

ನನ್ನ ಆರೋಗ್ಯ ಬಹಳ ಚೆನ್ನಾಗಿದೆ, ಊಟ ಚೆನ್ನಾಗಿದೆ, ಚಳಿ ಅಷ್ಟೇನೂ ಇಲ್ಲ, ಕೆಮ್ಮು ಪೂರ್ತಿ ಹೋಗಿದೆ, ಅಮ್ಮ ಯೋಚಿಸುವ ಕಾರಣವೇ ಇಲ್ಲ. ನಿಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಪಾಳಿಗೆ ಹೊತ್ತಾಯಿತು, ಬಸ್ಸು ಹಿಡಿಯಬೇಕು. ಸುಮಾ ಕಾಲೇಜಿಗೆ ಸೇರಿದ ಕೂಡಲೇ ಫೋನ್ ಮಾಡಿಸಿ. ಅಜ್ಜಿಗೆ ನಮಸ್ಕಾರ.

ಇತಿ ನಿಮ್ಮ ಮಗಳು,
ಗೀತಾ